ನಮ್ಮೂರಿನಲ್ಲಿ ಇಂಗ್ಲಿಷ್ ಮಾತಾಡುವವರು

ಅಧ್ಯಕ್ಷತೆ ವಹಿಸಿರುವ ಮುಖ್ಯೋಪಾಧ್ಯಾಯರಾದ ತೊದೊರೊಕಿ ಅವರೇ, ಬಿಡುವು ಮಾಡಿಕೊಂಡು ಬಂದಿರುವ ಮೇಯರ್ ನಗಹಮಾ ಅವರೇ, ಪೋಷಕರ ಸಂಘದ ಪದಾಧಿಕಾರಿಗಳೇ, ಬರುವ ಏಪ್ರಿಲ್‌ನಿಂದ ನನ್ನ ತರಗತಿಗಳನ್ನು ವಹಿಸಿಕೊಳ್ಳಲಿರುವ ಯಸುಮುರಾ ಚಿಗುಸಾ ಅವರೇ, ಮಾರ್ಚ್ ಬಂದರೂ ಬೆಚ್ಚಗಾಗದ ಈ ವ್ಯಾಯಾಮಶಾಲೆಯಲ್ಲಿ ತೆಳು ಚಪ್ಪಲಿ ಮೆಟ್ಟಿಕೊಂಡು ಒಂದು ಗಂಟೆಯಿಂದ ಕುಳಿತಿರುವ ತಾಳ್ಮೆಯ ಸಭಿಕರೇ,

ನಾನು ಭಾಷಣ ಬರೆದುಕೊಂಡೇ ಬಂದಿದ್ದೇನೆ. ಅದರಲ್ಲಿ ಚೆರ್ರಿ ಹೂವಿನ ಮಾತು ಮೂರು ಕಡೆ ಬರುತ್ತದೆ. ಅದನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ಮೇಯರ್ ಅವರು ಈಗಷ್ಟೇ ಹೇಳಿದರು, "ನಮ್ಮೆಲ್ಲರ ಗುರುಗಳಾದ ಈ ಕುವಾಹರಾ ಸೆನ್ಸೆಯವರ ದಯೆಯಿಂದ ನಮ್ಮೂರು ಕಜೆಉರದಲ್ಲಿ ಇಂಗ್ಲಿಷ್ ಬಾರದವರೇ ಇಲ್ಲ" ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಅಭ್ಯಾಸಬಲದಿಂದ ತಲೆ ಬಾಗಿಸಿದೆ. ಬಾಗಿಸಬಾರದಿತ್ತು.

ನಮ್ಮೂರಿನಲ್ಲಿ ಇಂಗ್ಲಿಷ್ ಕಲಿತವರು ಎಷ್ಟು ಮಂದಿ? ಮೂವತ್ತೇಳು ವರ್ಷದಲ್ಲಿ ನಾನೊಬ್ಬಳೇ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಕಲಿಸಿದ್ದೇನೆ. ಬರೆಯುವ ಪರೀಕ್ಷೆಯಲ್ಲಿ ನಮ್ಮ ಶಾಲೆ ಹನ್ನೊಂದು ಸಲ ಜಿಲ್ಲೆಗೇ ಮೊದಲು ಬಂದಿದೆ. ಹಾಗಾದರೆ ಮಾತಾಡುವವರು ಎಷ್ಟು ಮಂದಿ? ಆಸ್ಟ್ರೇಲಿಯಾದ ನಿಯೋಗ ಬಂದ ವರ್ಷ ಸ್ವಾಗತ ಸಮಾರಂಭದಲ್ಲಿ ಪುರಸಭೆಯ ಅಧಿಕಾರಿಗಳೆಲ್ಲ ಒಬ್ಬೊಬ್ಬರಾಗಿ ಶೌಚಾಲಯಕ್ಕೆ ಹೋಗಿ ಅಲ್ಲೇ ಉಳಿದುಬಿಟ್ಟರು ಎಂದು ಊರೆಲ್ಲ ನಗುತ್ತದೆ. ನಗಿ. ಆದರೆ ಹೆಂಗಸರ ಶೌಚಾಲಯದಲ್ಲಿ ಯಾರಿದ್ದರು ಎಂದು ಇದುವರೆಗೆ ಯಾರೂ ಕೇಳಿಲ್ಲ. ಅಲ್ಲಿ ನಾನಿದ್ದೆ. ನಲವತ್ತು ನಿಮಿಷ.

ನನಗೆ ಕಲಿಸಿದ ಗುರುಗಳು ವರ್ಷವಿಡೀ ಒಂದೇ ಒಂದು ಮಾತನ್ನೂ ಇಂಗ್ಲಿಷಿನಲ್ಲಿ ಆಡದೆ ಇಂಗ್ಲಿಷ್ ಕಲಿಸಿದವರು. ಇದೇ ವೇದಿಕೆಯ ಮೇಲೆ ಅವರು ನಿವೃತ್ತರಾದ ದಿನ ತಮ್ಮ ಕೆಂಪು ಪೆನ್ನನ್ನು ನನ್ನ ಕೈಗಿಟ್ಟರು. ಅದು ಈ ಶಾಲೆಯ ಪದ್ಧತಿ. ಪೆನ್ನಿನ ಜೊತೆಗೆ ಅವರ ನಿಯಮವೂ ನನಗೆ ಬಂತು: ಬಿಟ್ಟ ಉತ್ತರಕ್ಕೆ ಸೊನ್ನೆ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಎಂದರೆ ಏನು? ಸುಮ್ಮನಿದ್ದವನಿಗೆ ನಷ್ಟವಿಲ್ಲ, ಬಾಯಿ ಬಿಟ್ಟವನಿಗೆ ಶಿಕ್ಷೆ. ನಿಮ್ಮಲ್ಲಿ ಅರ್ಧದಷ್ಟು ಜನ ಅದನ್ನು ನನ್ನಿಂದಲೇ ಕಲಿತವರು, ಮತ್ತು ಚೆನ್ನಾಗಿಯೇ ಕಲಿತಿರಿ.

ಚಿಗುಸಾ ಅವರೇ, ಕ್ಷಮಿಸಿ, ಇನ್ನು ನಿಮ್ಮ ವಿಷಯ ಬರುತ್ತದೆ. ಈಕೆ ಹನ್ನೆರಡನೆಯ ವಯಸ್ಸಿನಲ್ಲಿ ನನ್ನ ತರಗತಿಗೆ ಬಂದಳು. ತಂದೆಯ ಕೆಲಸದ ನಿಮಿತ್ತ ನಾಲ್ಕು ವರ್ಷ ಕೆನಡಾದಲ್ಲಿದ್ದು ಬಂದ ಹುಡುಗಿ. ಮೊದಲ ದಿನ ಎದ್ದು ನಿಂತು ಪಾಠ ಓದಿದಳು. ಆ ಇಂಗ್ಲಿಷ್ ಗಂಟಲಲ್ಲಿ ನೀರು ಇಳಿದಷ್ಟು ಸಲೀಸಾಗಿ ಬಂತು. ತರಗತಿಯೆಲ್ಲ ಕಿಸಕ್ಕನೆ ನಕ್ಕಿತು. ನನಗೂ ಮೈ ಉರಿಯಿತು. ಮಕ್ಕಳೆದುರು ನನ್ನ ಬಂಡವಾಳ ಬಯಲಾಗುತ್ತದೆ ಎಂಬ ಭಯ ಅದು, ಬೇರೇನಲ್ಲ. "ಎಲ್ಲರ ಹಾಗೆ ಓದಮ್ಮ. ಇಲ್ಲಿ ಯಾರೂ ಹಾಗೆ ಮಾತಾಡಲ್ಲ" ಎಂದೆ. ಒಂದೇ ತಿಂಗಳಲ್ಲಿ ಅವಳು ಎಲ್ಲರ ಹಾಗೆಯೇ, ಮೊಂಡು ಮೊಂಡಾಗಿ ಓದತೊಡಗಿದಳು. ನಾನು ಅವಳ ಪುಸ್ತಕದಲ್ಲಿ 'ಒಳ್ಳೆಯ ಪ್ರಗತಿ' ಎಂದು ಬರೆದೆ.

ಈಗ ಮೂರು ವರ್ಷದ ಹಿಂದಿನ ಫೆಬ್ರವರಿಗೆ ಬರೋಣ. ಬಂದರಿನ ದವಾಖಾನೆಯಲ್ಲಿ ನಾವು ಹತ್ತು ಹನ್ನೆರಡು ಜನ ಸರದಿಗಾಗಿ ಕುಳಿತಿದ್ದೆವು. ಏಳು ಮಂದಿ ನನ್ನ ಹಳೆಯ ವಿದ್ಯಾರ್ಥಿಗಳು. ಚಿಗುಸಾಳೂ ಇದ್ದಳು. ಏಡಿ ಬಿಡಿಸುವ ಕಾರ್ಖಾನೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಫಿಲಿಪೀನ್ಸಿನವಳು, ಹೆಸರು ರೊವೆನಾ, ಇಪ್ಪತ್ತಾರು ವರ್ಷ. ಏಡಿಯ ಮುಳ್ಳು ಚುಚ್ಚಿ ಹೆಬ್ಬೆರಳು ಊದಿಕೊಂಡಿತ್ತು. ಅವಳು ನರ್ಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನರ್ಸು ನಮ್ಮ ಕಡೆ ತಿರುಗಿ, "ಇಂಗ್ಲಿಷ್ ಬರೋರು ಯಾರಾದ್ರೂ ಇದ್ದೀರಾ?" ಎಂದು ಕೇಳಿದಳು.

ಎಲ್ಲರೂ ನನ್ನನ್ನು ನೋಡಿದರು ಎಂದುಕೊಂಡಿರಾ? ಇಲ್ಲ. ಎಲ್ಲರೂ ನೆಲ ನೋಡಿದರು. ನನಗೆ ಮಾತಾಡಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಗುರುವಿನ ಮರ್ಯಾದೆ ಉಳಿಸುತ್ತಿದ್ದರು. ನಮ್ಮೂರಿನ ಜನ ಎಷ್ಟು ಒಳ್ಳೆಯವರು ನೋಡಿ.

ರೊವೆನಾ ಮತ್ತೊಮ್ಮೆ, ನಿಧಾನವಾಗಿ, ನಮ್ಮೆಲ್ಲರಿಗೂ ಕೇಳುವಂತೆ ಹೇಳಿದಳು. "ನನ್ನೂರಲ್ಲಿ ಒಂದ್ಸಲ ಗಾಯಕ್ಕೆ ಇಂಜೆಕ್ಷನ್ ಕೊಟ್ಟಾಗ ಉಸಿರು ಕಟ್ಟಿಬಿಟ್ಟಿತ್ತು. ಸಾಯೋದೊಂದು ಬಾಕಿ. ದಯವಿಟ್ಟು ನನಗೆ ಇಂಜೆಕ್ಷನ್ ಬೇಡ." ಒಂದು ಪದವೂ ಬಿಡದಂತೆ ನನಗೆ ಅರ್ಥವಾಯಿತು. ನಾನು ಮನಸ್ಸಿನಲ್ಲೇ ಇಂಗ್ಲಿಷಿನಲ್ಲಿ ಅವಳಿಗೊಂದು ಉತ್ತರ ಕಟ್ಟತೊಡಗಿದೆ. ಕಟ್ಟಿದೆ, ತಿದ್ದಿದೆ, ಹೊಡೆದುಹಾಕಿದೆ, ಮತ್ತೆ ಕಟ್ಟಿದೆ. ಅಷ್ಟರಲ್ಲಿ ನರ್ಸು, ಪಾಪ, ಸೂಜಿಗೆ ಹೆದರುತ್ತಿದ್ದಾಳೆ ಎಂದುಕೊಂಡು, ನಗುತ್ತಾ ಅವಳ ಬೆನ್ನು ಸವರಿ ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ನನ್ನ ವಾಕ್ಯ ಇನ್ನೂ ಮುಗಿದಿರಲಿಲ್ಲ.

ಒಳಗೆ ಇಂಜೆಕ್ಷನ್ ಕೊಟ್ಟರು, ಅವಳ ಉಸಿರು ಕಟ್ಟಿತು. ಹಿಮದಲ್ಲಿ ಆಂಬುಲೆನ್ಸ್ ಬರುವ ಹೊತ್ತಿಗೆ ಜೀವ ಹೋಗಿಬಿಟ್ಟಿತ್ತು. ಊರು ಏನೆಂದಿತು? "ಪಾಪ, ಆ ಹುಡುಗಿಗೆ ಭಾಷೆ ಬರ್ತಿರಲಿಲ್ಲ" ಎಂದಿತು. ಅವಳಿಗೆ ಬರುತ್ತಿರಲಿಲ್ಲವಂತೆ!

ಆ ವಾರ ಚಿಗುಸಾ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ನಿನಗೆ ಅರ್ಥವಾಗಿತ್ತಲ್ಲ, ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದವಳು ನಾನೇ. ಎಂಥ ಬಾಯಿ ನನ್ನದು! ಅವಳು ತಲೆ ಎತ್ತಲಿಲ್ಲ. "ಸೆನ್ಸೆ, ನೀವಿದ್ರಲ್ಲ ಅಲ್ಲಿ. ನಿಮ್ಮೆದುರಿಗೆ ನಿಮಗಿಂತ ಮುಂಚೆ ನಾನು ಹೇಗೆ ಬಾಯಿ ಬಿಡ್ಲಿ?" ಎಂದಳು.

ರೊವೆನಾಳ ತಾಯಿಗೆ ಪುರಸಭೆಯ ಪರವಾಗಿ ಸಂತಾಪದ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ದಿನ ಕುಳಿತು ಬರೆದೆ. ಒಂದೂ ತಪ್ಪಿರಲಿಲ್ಲ. ತಿಂಗಳಾದ ಮೇಲೆ ಆಕೆಯ ಉತ್ತರ ಬಂತು. ಅದು ನನಗೆ ಬಾಯಿಪಾಠವಾಗಿದೆ. "ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆಯಮ್ಮ. ಈ ಊರಲ್ಲಿ ಇಂಗ್ಲಿಷ್ ಬರೋರು ಒಬ್ಬರೂ ಇಲ್ಲ ಅಂತ ಮಗಳು ಫೋನಲ್ಲಿ ಹೇಳ್ತಿದ್ಲು. ನಿಮ್ಮಂಥೋರು ಅವಳ ಹತ್ತಿರವೇ ಇದ್ರು ಅಂತ ಗೊತ್ತಾಗಿ ಸಮಾಧಾನ ಆಯ್ತು." ಆ ಪತ್ರಕ್ಕೆ ನಾನು ಇನ್ನೂ ಉತ್ತರ ಬರೆದಿಲ್ಲ.

ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡೇ ನಿವೃತ್ತಳಾಗುತ್ತಿದ್ದೆ. ಆದರೆ ಕಳೆದ ವಾರ ಚಿಗುಸಾ ಅವರ ಮಾದರಿ ಪಾಠ ಇತ್ತು, ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಒಂದು ಪುಟ್ಟ ಹುಡುಗಿ ಎದ್ದು ನಿಂತು, ಎಲ್ಲಿ ಕೇಳಿ ಕಲಿತಿದ್ದಳೋ ಏನೋ, ಬಹಳ ಸೊಗಸಾಗಿ ಓದಿದಳು. ಮಕ್ಕಳು ನಕ್ಕರು. ಆಗ ಚಿಗುಸಾ ಅವರು ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದರು, "ಎಲ್ಲರ ಹಾಗೆ ಓದಮ್ಮ." ಬೆಂಚಿನ ಅಂಚು ಹಿಡಿದುಕೊಂಡು ಕುಳಿತೆ. ಅದು ನನ್ನದೇ ಮಾತು, ನನ್ನದೇ ಧ್ವನಿ.

ಕಾರ್ಯಕ್ರಮ ಪಟ್ಟಿಯಲ್ಲಿ ಮುಂದಿನದು ಕೆಂಪು ಪೆನ್ನಿನ ಹಸ್ತಾಂತರ. ಮುಖ್ಯೋಪಾಧ್ಯಾಯರು ದಯವಿಟ್ಟು ಮನ್ನಿಸಬೇಕು. ಪೆನ್ನು ಇಲ್ಲಿ ನನ್ನ ಜೇಬಿನಲ್ಲಿದೆ, ನಾನು ಕೊಡುವುದಿಲ್ಲ. ಚಿಗುಸಾ, ಕೈ ಚಾಚಬೇಡ.

ಮೇಯರ್ ಅವರೇ, ನಿಮ್ಮ ಮಾತಿಗೆ ನನ್ನ ಲೆಕ್ಕ ಇಷ್ಟು. ಈ ಊರಿನಲ್ಲಿ ಇಂಗ್ಲಿಷ್ ಮಾತಾಡುವವರು ಇಬ್ಬರಿದ್ದರು. ಒಬ್ಬಳ ಬಾಯಿಯನ್ನು ನಾನು ತರಗತಿಯಲ್ಲಿ ಮುಚ್ಚಿಸಿದೆ. ಇನ್ನೊಬ್ಬಳು ಏಡಿ ಬಿಡಿಸಲು ಬಂದವಳು.

ಕೊನೆಯದಾಗಿ ಒಂದು ಮಾತು. ಆ ದಿನ ನಾನು ಅಷ್ಟು ಹೊತ್ತು ಕಟ್ಟಿ ಕಟ್ಟಿ ಮುಗಿಸಲಾಗದ ವಾಕ್ಯ ಇತ್ತಲ್ಲ, ಅದು ಬೇಕಾಗಿಯೇ ಇರಲಿಲ್ಲ. ರೊವೆನಾಳಿಗೆ ನಾನು ಏನನ್ನೂ ಹೇಳಬೇಕಿರಲಿಲ್ಲ. ನರ್ಸಿನ ಕಡೆ ತಿರುಗಿ, "ಅಮ್ಮ, ಅವಳಿಗೆ ಇಂಜೆಕ್ಷನ್ ಕೊಡಬೇಡಿ" ಎಂದಿದ್ದರೆ ಸಾಕಿತ್ತು. ನಮ್ಮ ಭಾಷೆಯಲ್ಲಿ. ನನ್ನ ತಾಯಿ ನನಗೆ ಕಲಿಸಿದ ಭಾಷೆಯಲ್ಲಿ.

ಇಷ್ಟು ಹೊತ್ತು ಚಳಿಯಲ್ಲಿ ಕುಳಿತು ಕೇಳಿದಿರಿ, ನಿಮ್ಮ ಋಣ ನನ್ನ ಮೇಲಿದೆ. ಚಪ್ಪಾಳೆ ಬೇಡ. ನಮಸ್ಕಾರ.