ಕಂಬಳಿ ಮುಟ್ಟಿಸಿ ಮಾಡಿಸಿದ ಆಣೆ

ಹಿರಿಯೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಂತಿದ್ದ ಶಿವಗಂಗಮ್ಮನ ಬೆನ್ನ ಹಿಂದೆ ಪಕ್ಕದೂರಿನ ಇಬ್ಬರು ಮಾತಿಗಿಳಿದಿದ್ದರು. ಹೋದ ವಾರ ತೀರಿಕೊಂಡ ಕುರಿಗಾರ ಜುಂಜಣ್ಣನ ಹೆಸರು ಬಂದದ್ದೇ ತಡ, ಅವಳ ಕಿವಿ ನೆಟ್ಟಗಾಯಿತು.

"ಮಗನ ಮದುವ್ಯಾಗೂ ಚಪ್ಪರದಾಗೆ ಮಲಗ್ಲಿಲ್ಲ ಕಣಕ್ಕ! ಸೂರು ಕಂಡ್ರೆ ಉಸಿರು ಕಟ್ತೈತೆ ಅಂತ ಕಂಬಳಿ ಹೊದ್ದು ಬಯಲಿಗೆ ಹೋದ."

"ಅಷ್ಟೇ ಏನು ಮುರುಗಣ್ಣ? ಯಾರಿಗೂ ಹೇಳ್ಬ್ಯಾಡ ಮತ್ತೆ. ಗೊಬ್ಬರ ಬೀಳ್ಲಿ ಅಂತ ನಮ್ಮ ಹೊಲದಾಗೆ ಮೂರು ದಿನ ಕುರಿಮಂದೆ ನಿಲ್ಸಿದ. ಬೇರೆ ಕುರಿಗಾರ್ರು ಅದಕ್ಕೆ ಕಾಳು ಅಳೆಸ್ಕಂತಾರೆ, ಇವ್ನು ಒಂದು ಸೇರು ರಾಗೀನೂ ಮುಟ್ಲಿಲ್ಲ. ‘ಕಾಳಕ್ಕ, ನಿಂಗೊಬ್ಬಳಿಗೇ ಪುಕ್ಕಟೆ, ಬಾಯಿ ಬಿಡಲ್ಲ ಅಂತ ಕಂಬಳಿ ಮುಟ್ಟಿ ಆಣೆ ಮಾಡು’ ಅಂದ."

"ಅಲೆಲೆಲೆ! ನನ್ನ ಕೈಲೂ ಅದೇ ಆಣೆ ಮಾಡ್ಸಿದ್ದ!"

"ನಿನ್ನ ಕೈಲೂನಾ?"

"ಹೂಂ! ನಿಂಗೊಬ್ಬನಿಗೇ ಅಂದಿದ್ದ!"

"ಅಯ್ಯೋ ಕಳ್ಳ! ಇಬ್ರಿಗೂ ಟೋಪಿ ಹಾಕ್ದ!"

ಇಬ್ಬರೂ ತೊಡೆ ತಟ್ಟಿಕೊಂಡು ನಕ್ಕರು.

"ಇನ್ನೂ ಯಾರ್ಯಾರ ಹೊಲದಾಗೆ ನಿಲ್ಸಿದ್ನೋ!"

"ಬಸ್ಸು ಬಂತು, ನಡಿಯಕ್ಕ ಹೋಗಾಣ."

ಶಿವಗಂಗಮ್ಮ ಗಕ್ಕನೆ ತಿರುಗಿ ಬಾಯಿ ತೆರೆದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು, ಬಸ್ಸು ಮರೆಯಾಗುವ ತನಕ ಒಬ್ಬಳೇ ಕುಲುಕುಲು ನಕ್ಕಳು. ಅವಳೂ ಆ ಕಂಬಳಿ ಮುಟ್ಟಿದ್ದಳು.