ದಾಸೋಹದ ಸೋಪಿಗೆ ಇಳಿದ ಹೊಳಪು

“ನೀ ಪಾಲಿಶ್ ಮಾಡಾಂವಲ್ಲಲೇ, ಭಾಂಡೆ ತಿಕ್ಕಾಂವ! ನನ್ನ ಕಾರು ನಿಮ್ಮವ್ವನ ತವಾ ಅಂತ ತಿಳ್ಕೊಂಡಿಯೇನು?”

ಶರಣರೇ, ಒಂದೂರಲ್ಲಿ ಒಬ್ಬ ಸಾಹುಕಾರ ಹೀಗೆ ಬೈದ. ಮೂಲೆಗೆ ಕರೆದು ಬೈದನೇ? ಇಲ್ಲ. ಚಹಾದಂಗಡಿಯ ಎದುರು, ನಾಲ್ಕು ಜನ ನಗುವ ಹಾಗೆ ಬೈದ. ಬೈಸಿಕೊಂಡವನು ಕಾರಿಗೆ ಪಾಲಿಶ್ ಹೊಡೆಯುವ ಮೇಸ್ತ್ರಿ. ತನ್ನ ಹಳೆಯ ಕರಿ ಕಾರನ್ನು ಮಠಕ್ಕೆ ಕಾಣಿಕೆ ಕೊಡಬೇಕು, ಅದು ಹೊಸದರಂತೆ ಹೊಳೆಯಬೇಕು ಅನ್ನುವುದು ಸಾಹುಕಾರನ ಆಸೆ.

ನೋಡಿ, ಬಣ್ಣದ ಮೇಲಿನ ಗೀರು ಹೋಗಬೇಕಾದರೆ ಮೊದಲು ಗಡಸು ಪಾಲಿಶ್ ಹಾಕಿ ಉಜ್ಜಬೇಕು. ಉಜ್ಜಿದರೆ ಬಣ್ಣ ಮಂಕಾಗುತ್ತದೆ. ಆ ಮಂಕನ್ನು ತೆಗೆಯುವುದು ಕೊನೆಯ ನಯವಾದ ಪಾಲಿಶ್. ಸಾಹುಕಾರ ಬಂದು ನೋಡಿದ್ದು ನಡುವಿನ ಮಂಕನ್ನು. ಅಷ್ಟಕ್ಕೇ ಬೈಗುಳ! ಅರ್ಧ ಬೆಂದ ಅನ್ನ ಬಾಯಿಗೆ ಹಾಕಿಕೊಂಡು ಅಡುಗೆಯವಳನ್ನು ಬೈಯುವವರು ನಮ್ಮಲ್ಲಿ ಕಡಿಮೆಯೇ?

ಮೇಸ್ತ್ರಿಯ ಹತ್ತಿರ ಕೊನೆಯ ಪಾಲಿಶ್ ಎರಡು ಬಗೆಯದಿತ್ತು. ಒಂದು, ನಿಧಾನಕ್ಕೆ ಉಜ್ಜುತ್ತ ಬಣ್ಣವನ್ನೇ ನಯ ಮಾಡುವುದು. ಇನ್ನೊಂದು ಎಣ್ಣೆಯಂಥದ್ದು, ಗೀರಿನೊಳಗೆ ತುಂಬಿಕೊಂಡು ಮುಚ್ಚುವುದು. ಸಿಟ್ಟಿಗೆದ್ದ ಕೈ ಯಾವುದಕ್ಕೆ ಹೋಯಿತು? ಎಣ್ಣೆಯದಕ್ಕೆ! “ಹೊಳಪು ಬೇಕಲ್ಲ ಇವಗ? ತಗೋ ಹೊಳಪು” ಅಂದ. ಸಂಜೆಯೊಳಗೆ ಕಾರು ಕನ್ನಡಿಯಾಯಿತು. ಬೈದ ಬಾಯಿಯೇ “ಭಲೇ ಮಗನ” ಅಂದಿತು.

ಕಾರು ಮಠದ ಅಂಗಳಕ್ಕೆ ಬಂತು, ಜೊತೆಗೆ ಮೇಸ್ತ್ರಿಯೂ ಬಂದ. ಪೂಜೆಗೆ ಮೊದಲು ಗಾಡಿ ತೊಳೆಯಬೇಕಲ್ಲ? ಭಕ್ತನೊಬ್ಬ ಓಡಿಹೋಗಿ ದಾಸೋಹದ ಮನೆಯಿಂದ ಭಾಂಡೆ ತಿಕ್ಕುವ ಸೋಪಿನ ನೀರು ತಂದು ಸುರಿದ. ಹೋಳಿಗೆ ತುಪ್ಪದ ಜಿಡ್ಡನ್ನೇ ಬಿಡದ ಸೋಪು ಇದನ್ನು ಬಿಡುತ್ತದೆಯೇ? ನೊರೆ ಇಳಿಯಿತು, ಬಿಸಿಲು ಬಿತ್ತು, ಮುಚ್ಚಿದ್ದ ಗೀರೆಲ್ಲ ಎದ್ದು ಕುಂತವು. ಕಾರಿನ ತುಂಬ ಜೇಡರ ಬಲೆ!

“ಏನಲೇ ಇದು?” ಸಾಹುಕಾರ ಕೂಗಿದ.

ಮೇಸ್ತ್ರಿ ಮುಂದೆ ಬಂದ. “ಗೀರು ಹೊಸಾವಲ್ರಿ ಸಾಹುಕಾರ್ರ. ಇದ್ದದ್ದನ್ನ ಮುಚ್ಚಿದ್ದೆ. ನೀವು ಬೈದದ್ದು ಖರೆ, ಆದ್ರ ಮೋಸ ಮಾಡಿದಾಂವ ನಾನ. ಇಲ್ಲೇ, ಈ ಅಂಗಳದಾಗ ಬುಡದಿಂದ ಮಾಡಿಕೊಡ್ತೀನಿ. ನಡುವ ಮಂಕಾಗತೈತಿ. ಇಷ್ಟು ಮಂದಿ ಮುಂದ ಮಂಕ ಕಾರು ನಿಲ್ಲಸಾಕ ತಯಾರದೀರೇನ್ರಿ?”

ಸಾಹುಕಾರ ಏನಂದ? ತಡೆಯಿರಿ. ಮೊದಲು ನೀವು ಹೇಳಿ, ನಿಮಗೆ ಯಾವ ಪಾಲಿಶ್ ಬೇಕು? ವಾರವೆಲ್ಲ ಹೆಂಡತಿಯನ್ನು ಹೀಯಾಳಿಸಿ ಸೋಮವಾರ ವಿಭೂತಿ ಬಳಿದುಕೊಂಡು ಬರುತ್ತೀರಿ. ತಮ್ಮನ ಜೊತೆ ಮಾತು ಬಿಟ್ಟವರು ಇಲ್ಲಿ ಕಂಡಕಂಡವರಿಗೆ ಶರಣು ಅನ್ನುತ್ತೀರಿ. ಮೇಲೆ ಈ ಗದ್ದುಗೆಯ ಮೇಲೆ ಕುಂತ ನನಗೇ ಹೇಳುತ್ತೀರಿ, “ಅಪ್ಪಾರ, ಮನಸ್ಸಿಗೆ ತಂಪಾಗೋದು ಹೇಳ್ರಿ” ಅಂತ. ಎಣ್ಣೆ ಹಚ್ಚು ಅನ್ನುತ್ತೀರಿ! ಹಚ್ಚುವುದಿಲ್ಲ ನಾನು. ಇವತ್ತೇ ಮನೆಗೆ ಹೋಗಿ. ಬೈದದ್ದು ನಾಲ್ಕು ಜನರ ಮುಂದಾದರೆ, ತಪ್ಪಾಯಿತು ಅನ್ನುವುದೂ ಅದೇ ನಾಲ್ಕು ಜನರ ಮುಂದಾಗಲಿ. ಕೋಣೆಗೆ ಕರೆದು ಸೀರೆ ಕೊಟ್ಟು ಮುಚ್ಚಬೇಡಿ. ಮುಖ ಮಂಕಾಗುತ್ತದೆಯೇ? ಆಗಲಿ! ಮಂಕಾಗದೆ ಗೀರು ಹೋಗುವುದಿಲ್ಲ.

ಇನ್ನು ಆ ಸಾಹುಕಾರ. ಮೇಸ್ತ್ರಿ ಬಟ್ಟೆ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತ ನಿಂತಿದ್ದ. ಸಾಹುಕಾರ ಸುತ್ತಲಿನ ಮುಖಗಳನ್ನು ನೋಡಿದ, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡ, ಗೀರಿನ ಕಾರನ್ನು ಅಲ್ಲೇ ಬಿಟ್ಟು ಅಂಗಳ ದಾಟಿ ನಡೆದುಬಿಟ್ಟ.