ಬಾಯಿ ಬಿಟ್ಟು ಹೇಳಿ ಆಡಬೇಕು

ಕಳವು ಅನ್ನಬ್ಯಾಡ್ರಿ ಅಂತೀರಿ. ಮತ್ತೇನನ್ಲಿ, ದಾಮೋದರರಾವ್? ನನ್ನ ಮನಿ ಮಾಳಿಗಿ, ನನ್ನ ಅಜ್ಜನ ಕಾಲದ ಚದುರಂಗದ ಪಟ, ಹಾಡಹಗಲು... ನನ್ನ ಕಣ್ಣೆದುರಿಗೆ ನಿಮ್ಮ ತಂಗಿ ಮಗ ಅನಂತ ಕಾಯಿ ಸರಿಸ್ಯಾನ. ಇದಕ್ಕ ಕಳವು ಅನ್ನೂದು ಬಿಟ್ಟು ಪ್ರಸಾದ ಅನ್ನಬೇಕೇನು?

ಕೂಡ್ರಿ, ಕೂಡ್ರಿ. ಏಳಬ್ಯಾಡ್ರಿ. ಈ ಮಾತಿಗೇ ನಿಮ್ಮನ್ನ ಎಲ್ಲಾರಕಿಂತ ಮೊದಲ ಕರೆಸೀನಿ. ಕ್ಲಬ್ಬಿನ ಅಧ್ಯಕ್ಷ ನಾನು, ಸೆಕ್ರೆಟರಿ ನೀವು. ಉಳಿದವ್ರು ಬರೂದ್ರೊಳಗ ಇದು ನಮ್ಮಿಬ್ಬರ ನಡುವ ಮುಗೀಬೇಕು. ಮುಂದಿನ ರವಿವಾರ ಅಕ್ಕಲಕೋಟದ ಮ್ಯಾಚಿಗೆ ಹೋಗೂ ಮಂದಿಯೊಳಗ ಅನಂತ ಇರಬಾರದು. ಅವ ಬಂದ ಕೂಡಲೇ ನೀವೇ ಹೇಳಿಬಿಡ್ರಿ. ಸೋದರಮಾವ ಹೇಳಿದ್ರ ಅಪಮಾನ ಕಡಿಮಿ.

ಚಾ ಆರಾಕತ್ತದ, ಕುಡೀರಿ. ಏನು?... ಕುಡದಾತೇನು? ಆಗಲಿ. ಗಿರಿಜಾ, ಏ ಗಿರಿಜಾ, ರಾಯರಿಗೆ ಇನ್ನೊಂದು ಕಪ್ಪು ತಾ... ಬ್ಯಾಡೇನು? ಬ್ಯಾಡಂತ, ಬಿಡು.

ಬರ್ರಿ, ಸುಮ್ಮ ಕೂತು ಮಾತಾಡೂದಕಿಂತ ಒಂದು ಡಾವ ಆಟ ಹಾಕೂನು. ಕಾಯಿ ಹೂಡಿ ಇಟ್ಟೀನಿ. ಕರೀವು ನಿಮಗ, ಬಿಳೀವು ನನಗ. ರಾಜಾನ ಮುಂದಿನ ಪ್ಯಾದಿ, ಎರಡು ಮನಿ. ನೀವು?... ಅದೇ ಪ್ಯಾದಿ, ಎರಡು ಮನಿ. ಕೇಳಿದೆ. ನೋಡ್ರಿ, ಹಿಂಗ ಬಾಯಿ ಬಿಟ್ಟು ಹೇಳಿ ಆಡಿದ್ರ ಎಷ್ಟು ಚಂದ ಇರ್ತದ.

ಈ ನಿಯಮ ತಂದವ ನಾನು. ಈ ದಸರಾದಿಂದ. ಅದಕ್ಕೂ ಮಂದಿ ಬೆನ್ನ ಹಿಂದ ನಕ್ರು, 'ಸಿದ್ದಣ್ಣ ಸಾವಕಾರ ಪಟದ ಮ್ಯಾಲ ಹರಾಜು ಕೂಗಸ್ತಾನ' ಅಂದ್ರಂತ. ನನಗ ಎಲ್ಲಾ ಕೇಳಸ್ತದ, ರಾಯರ. ಮೆಟ್ಟಿಲ ಇಳಕೋತ ಪಿಸಿಪಿಸಿ ಅಂದದ್ದೂ ಕೇಳಸ್ತದ. ಪುಣೆಯೊಳಗ ಹಂಗೇ ಆಡ್ತಾರ ಅಂತ ನಾ ಹೇಳಿದೆ... ಆಡ್ತಾರೋ ಇಲ್ಲೋ, ಆ ಮಾತು ಬ್ಯಾರೆ. ನಿಯಮ ಅಂದ್ರ ನಿಯಮ. ಯಾವ ಕಾಯಿ, ಯಾವ ಮನಿ, ಬಾಯಿ ಬಿಟ್ಟು ಹೇಳಬೇಕು. ಎದುರಿನ ರಾಜಾನ ಮ್ಯಾಲ ಏರಿ ಹೋದ್ರ ಎಲ್ಲಾರಿಗೂ ಕೇಳೂಹಂಗ 'ಶಹ' ಅನ್ನಬೇಕು. ಬಾಜೂಕ ಕೂತವ್ರು ಮಾತ್ರ ಒಂದಕ್ಷರ ಆಡಬಾರದು, ಕೈಸನ್ನಿ ಮಾಡಬಾರದು. ನೋಡೂದು ಅವರ ಕೆಲಸ, ಹೇಳೂದಲ್ಲ.

ಯಾಕ ನಗ್ತೀರಿ?... ಕೆಮ್ಮೇನು? ನಾ ನಗಿ ಅಂತ ತಿಳಕೊಂಡೆ.

ರಾಜಾನ ಕಡೀ ಕುದುರಿ ಹೊರಗ ತರ್ತೀನಿ. ಇದು ನೋಡ್ರಿ, ಕಿವಿ ಮುರಿದ ಕುದುರಿ. ಸಣ್ಣವ ಇದ್ದಾಗ ನಾನೇ ಮಾಳಿಗಿ ಮ್ಯಾಲಿಂದ ಒಗದು ಮುರದಿದ್ದೆ, ಅಜ್ಜನ ಕಡೆ ಬೆನ್ನ ಮ್ಯಾಲ ಪೆಟ್ಟು ತಿಂದಿದ್ದೆ. ಈಗೂ ಇದು ಕೈಗೆ ಬಂತಂದ್ರ ಆಟ ನಂದು ಅನಿಸ್ತದ. ಒಂದೊಂದು ಕಾಯಿ ಮುಟ್ಟಿ ಸರಿ ಮಾಡಿ ಇಡ್ತೀನಿ, ತಪ್ಪು ತಿಳೀಬ್ಯಾಡ್ರಿ. ಕಾಯಿ ಮನಿ ನಡುವ ನೆಟ್ಟಗ ನಿಂದ್ರಬೇಕು. ಅರಿವಿ ಅಂಗಡಿಯವ್ನ ಚಟಾ ಇದು, ಮುಟ್ಟದ ಹೊರತು ಮಾಲು ತಿಳೀದಿಲ್ಲ. ದಲಾಲ ಏನ ಸುಳ್ಳು ಹೇಳಲಿ, ಸೀರಿ ಸೆರಗು ಬೆರಳಿಗೆ ಸಿಕ್ರ ಸಾಕು, ಯಾವ ಮಗ್ಗದ್ದು ಅಂತ ಹೇಳ್ತೀನಿ. ಅಂಗಡಿಯೊಳಗ ಯಾರನ್ನಾರ ಕೇಳ್ರಿ, ಸಿದ್ದಣ್ಣನ ಕೈ ತಪ್ಪಿದ್ದು ಇಲ್ಲ. ನೀವು ಏನಾಡಿದ್ರಿ?... ವಜೀರನ ಕಡೀ ಕುದುರಿ ಹೊರಗ. ಆತು. ನಾ ಒಂಟಿ ತರ್ತೀನಿ, ಓರೆ ನಡಿಯೂ ಕಾಯಿ, ರಾಜಾನ ಕಡೀದು.

ಈಗ ಹೋದ ರವಿವಾರದ್ದು ಕೇಳ್ರಿ. ನೀವು ಲಗ್ನಕ್ಕ ಹೋಗಿದ್ರಿ, ನಿಮಗ ಅವ ಏನು ಹೇಳ್ಯಾನೋ ಯಾರಿಗೆ ಗೊತ್ತು. ಇಲ್ಲೇ, ಈ ಕಿಡಕಿ ಬಾಜೂಕ ಕೂತಿದ್ವಿ. ಅಕ್ಕಲಕೋಟದಾಗ ಮೊದಲನೇ ಪಟಕ್ಕ ಯಾರು ಕೂಡಬೇಕು ಅನ್ನೂದು ಆ ಡಾವಿನ ಮ್ಯಾಲ. ಇಷ್ಟು ವರ್ಷ ಆ ಪಟ ನಂದು. ಅಲ್ಲಿ ಚನ್ನವೀರಪ್ಪ ವಕೀಲರು ಬಾಗಲದಾಗ ನಿಂತು 'ಸೊಲ್ಲಾಪುರದ ಸಿದ್ದಣ್ಣ ಬಂದ್ರು' ಅಂತ ಕೈ ಹಿಡದು ಒಳಗ ಕರಕೊಂಡು ಹೋಗ್ತಾರ, ಮೊದಲು ಹುಗ್ಗಿ ಊಟ, ಆಮ್ಯಾಲ ಆಟ. ಈ ಬ್ಯಾಂಕಿನ ಕಾರಕೂನ ಅನಂತಗ ಈ ವರ್ಷ ಅದರ ಮ್ಯಾಲ ಆಶಾ. ಇರಲಿ. ಆಡಿ ಗೆದಿ, ಬ್ಯಾಡ ಅಂದವ್ರ್ಯಾರು?

ಆಟ ನಂದು ಭಾಳ ಛಲೋ ನಡದಿತ್ತು. ಅವನ ಕುದುರಿ ಎಲ್ಲೋ ಮೂಲ್ಯಾಗ ಬಿದ್ದಿತ್ತು. ನಾ ವಜೀರನ್ನ ಒಯ್ದು ಅವನ ರಾಜಾನ ಮಗ್ಗಲಿಗೆ ಇಟ್ಟೆ, 'ಮಾತ್, ಆಟ ಮುಗೀತು' ಅಂದೆ. ಎಲ್ಲಾರ ಮುಂದ, ದೊಡ್ಡ ದನಿಲೆ ಅಂದೆ. ಯಾರೂ ವಾಹ್ ಅನ್ನಲಿಲ್ಲ. ಅಮೋಗಸಿದ್ಧ ಬಾಜೂಕ ಇದ್ದ, ಆಟ ಚಂದ ಆದ್ರ ತೊಡಿ ಬಡಕೊಳ್ಳೂ ಮನಷ್ಯಾ, ಅವನೂ ಗಪ್. ಆವಾಗ ಅನಂತ ಸಣ್ಣ ದನಿಲೆ ಅಂತಾನ, 'ಕಾಕಾ, ಕುದುರಿ ಅದ' ಅಂತ. ಎಲ್ಲಿ ಕುದುರಿ? ಕೈ ಹಾಕಿ ನೋಡ್ತೀನಿ, ಖರೇನೇ ಕುದುರಿ, ನನ್ನ ವಜೀರನ್ನ ಹೊಡೀಲಿಕ್ಕೆ ಸಜ್ಜಾಗಿ ಕೂತದ! ಯಾವಾಗ ಬಂತು? ಮೂಲ್ಯಾಗಿದ್ದ ಕುದುರಿ ನಡುಪಟಕ್ಕ ಹೆಂಗ ಬಂತು? 'ಕುದುರಿ' ಅಂತ ಅವನ ಬಾಯಿಂದ ನಾ ಕೇಳೇ ಇಲ್ಲ. ಹೇಳದ ಇಟ್ಟ ಅಂದ್ರ ಕದ್ದು ಇಟ್ಟ.

ಏನಂದ್ರಿ?... ಇಟ್ಟದ್ದು ಕಾಣಲಿಲ್ಲೇನು ಅಂದ್ರ ಏನರ್ಥ? ಕಾಣ್ತದ. ಯಾಕ ಕಾಣೂದಿಲ್ಲ? ಆ ಹೊತ್ತಿನ್ಯಾಗ ನಮ್ಮ ಸೊಸಿ ಗಿರಿಜಾ ಅವಲಕ್ಕಿ ತಂದಿದ್ಲು, ನಾ ಆ ಕಡೆ ಹೊಳ್ಳಿದ್ದೆ. ಅದೇ ಸಂಧಿ ಸಾಧಿಸ್ಯಾನ. ಚಷ್ಮಾ? ದುರುಸ್ತಿಗೆ ಹಾಕೀನಿ. ಚಷ್ಮಾ ಅಂಗಡಿಯವ ಮುಂದಿನ ವಾರ ಕೊಡ್ತೀನಿ ಅಂತಾನ, ಪ್ರತಿ ವಾರ ಹಂಗೇ ಅಂತಾನ, ಅದಕ್ಕ ನಾ ಏನು ಮಾಡ್ಲಿ? ಮಾತು ಹೊಳ್ಳಸಬ್ಯಾಡ್ರಿ. ತಂಗಿ ಮಗ ಅಂತ ಅವನ ಕಡೆ ನಿಲ್ಲಾಕತ್ತೀರಿ. ತಿಳೀತದ ನನಗ. ಆಡ್ರಿ, ನಿಮ್ಮ ಪಾಳಿ.

ಕುದುರಿ? ಅದೇ ಕುದುರಿ, ಮುಂದ ನಡುಪಟಕ್ಕ. ಹ್ಞಾಂ, ನನ್ನ ಕುದುರಿ ಮ್ಯಾಲ ಕಣ್ಣು ಹಾಕೀರಿ. ಹಾಕ್ರಿ. ವಿಚಾರ ಮಾಡ್ತೀನಿ.

ಇನ್ನೊಂದು ಕೇಳ್ರಿ. ನಾ ಅವಗ ಕಳ್ಳ ಅಂದೆ. ಎಲ್ಲಾರ ಮುಂದ ಅಂದೆ, ಈಗೂ ಅಂತೀನಿ. ಅವ ಜಗಳಾ ತಗೀಲಿಲ್ಲ, ಆಣಿ ಪ್ರಮಾಣ ಮಾಡಲಿಲ್ಲ. ಆಮ್ಯಾಲ ಟಪ್ ಅಂತ ಒಂದು ಸಪ್ಪಳಾತು. ತನ್ನ ರಾಜಾನ್ನ ತಾನೇ ಅಡ್ಡ ಮಲಗಿಸ್ಯಾನ. 'ಕಾಕಾ, ಮೀ ಹರಲೋ' ಅಂದ. ಮರಾಠಿ ಸಾಲಿ ಕಲ್ತಾವ, ಸೋತೆ ಅನ್ನೂದನ್ನೂ ಮರಾಠಿಯೊಳಗ ಅಂದ. ಚಪ್ಪಲಿ ಮೆಟ್ಟಿ ಇಳಿದು ಹೋದ. ನೀವೇ ಹೇಳ್ರಿ, ನನ್ನ ವಜೀರ ಪುಕ್ಕಟ ಕೈಗೆ ಬರೂದಿತ್ತು, ಡಾವ ಅವಂದೇ ಇತ್ತು, ಅಂಥಾ ಡಾವ ಬಿಟ್ಟು ಯಾವನಾರ ಎದ್ದು ಹೋಗ್ತಾನೇನು? ಮನಸಿನ್ಯಾಗ ತಪ್ಪಿದ್ದವ ಹೋಗ್ತಾನ.

ಅವ ಒಬ್ಬನೇ ಅಲ್ಲ. ನನಗ ಸಂಶೇ ಅದ, ಎಲ್ಲಾರೂ ಕೂಡೇ ಮಾಡ್ಯಾರ. ಈಗೀಗ ನಾ ಮಾಳಿಗಿ ಹತ್ತಿದ್ರ ಮಾತು ನಿಲ್ತಾವ. ನನ್ನ ಎದುರಿಗೆ ಕೂಡಾಕ ಒಬ್ಬರ ಮುಖ ಒಬ್ಬರು ನೋಡ್ತಾರ... ನೋಡ್ತಾರಂತ. ಹೋದ ತಿಂಗಳು ಒಬ್ಬವ ಕ್ಲಬ್ಬು ವಾಚನಾಲಯಕ್ಕ ಒಯ್ಯೂನು ಅಂದ, ಅಲ್ಲಿ ದೀಪ ಛಲೋ ಅದ ಅಂತ. ನನ್ನ ಮಾಳಿಗಿಯೊಳಗ ದೀಪಕ್ಕ ಏನು ಕಡಿಮಿ? ಈಗ ಕಿಡಕಿ ತೆರದದ, ಬಿಸಿಲು ಇಲ್ಲೇ ನನ್ನ ಕೈ ಮ್ಯಾಲ ಬಿದ್ದದ. ಬೆಚ್ಚಗ ಹತ್ತಾಕತ್ತದ.

ಖರೇ ಹೇಳಲೇನು? ವಾರೆಲ್ಲಾ ನಾ ಈ ರವಿವಾರದ ದಾರಿ ಕಾಯ್ತೀನಿ. ಅಂಗಡಿ ಮಕ್ಕಳು ನೋಡ್ತಾರ. ನಾ ಗಾದಿ ಮ್ಯಾಲ ಕೂತು ಬಂದವರಿಗೆ ನಮಸ್ಕಾರ ಮಾಡ್ತೀನಿ, ಅಷ್ಟೇ ನನ್ನ ಕೆಲಸ. ಇಲ್ಲಿ ಪಟದ ಮುಂದ ಕೂತ್ರ ನಾ ಇನ್ನೂ ಸಿದ್ದಣ್ಣ. ಪಂಢರಿನಾಥರ ನೆನಪದ ಇಲ್ಲೋ ನಿಮಗ? ಕೈ ನಡುಗಿ ಕಾಯಿ ಕೆಡವಾಕತ್ತಿದ್ರು. ನಾನೇ ಹೇಳಿದೆ, 'ಚಾಕ್ಕ ಬರ್ರಿ, ಪಟಕ್ಕ ಕೂಡಬ್ಯಾಡ್ರಿ' ಅಂತ. ಮುಂದಿನ ವಾರದಿಂದ ಅವರು ಚಾಕ್ಕೂ ಬರಲಿಲ್ಲ. ಈಗ ಓಣಿಯೊಳಗ ಮಂದಿ ಅವರನ್ನ ಸಣ್ಣ ಕೂಸಿಗೆ ಮಾತಾಡ್ಸಿದಂಗ ಮಾತಾಡಸ್ತಾರ. ಅಯ್ಯೋ ಪಾಪ ಅಂತಾರ. ನನಗ ಯಾವನಾರ ಹಂಗಂದ್ರ...

ಏನಿಲ್ಲ. ಮಾತು ಎಲ್ಲೆಲ್ಲೋ ಹೋತು. ನಂದು ಪ್ಯಾದಿ, ವಜೀರನ ಕಡೀ ಒಂಟಿ ಮುಂದಿಂದು, ಒಂದು ಮನಿ. ನಿಮ್ಮ ಕುದುರಿಗೆ ಕುತ್ತು ಬಂತು, ಈಗ ಎಲ್ಲಿ ಓಡಸ್ತೀರಿ ಓಡಸ್ರಿ.

ವಿಚಾರ ಮಾಡ್ರಿ, ಗಡಿಬಿಡಿ ಇಲ್ಲ.

ಅನಂತನ ಜಾಗಾದಾಗ ಯಾರನ್ನ ಒಯ್ಯೂದು ಅಂತ ನಾ ಹೇಳ್ತೀನಿ. ಅಮೋಗಸಿದ್ಧನ್ನ ಒಯ್ಯೂನು. ಆಟ ಅಷ್ಟಕ್ಕಷ್ಟೇ, ಖರೇ, ಆದ್ರ ಬಾಯಿ ದೊಡ್ಡದು. ಹೇಳಿ ಆಡ್ತಾನ... ಆಡ್ರಿ ರಾಯರ. ಇಷ್ಟ್ಯಾಕ ವಿಚಾರ? ಒಂದು ಕುದುರಿ ಓಡಸಾಕ?

ಸಿಟ್ಟಾಗೀರೇನು? ಆಗ್ರಿ. ಕೋರ್ಟಿನ್ಯಾಗ ಜಲ್ಮಾ ಕಳದವ್ರು, ಸಾಕ್ಷಿ ಇಲ್ಲದ ಯಾರನ್ನೂ ಕಳ್ಳ ಅನ್ನಬಾರದು ಅಂತೀರಿ. ಅಂದುಬಿಡ್ರಿ, ಕೇಳ್ತೀನಿ. ಹಿಂಗ ಸುಮ್ಮ ಕೂಡಬ್ಯಾಡ್ರಿ. ನೀವೂ ಅವರೊಳಗ ಕೂಡೀರೇನು? ನನ್ನ ಮನಿ ಚಾ ಕುಡದು, ನನ್ನ ಎದುರಿಗೆ ಕೂತು...

ಇದ್ದೀರಿಲ್ಲೋ, ದಾಮೋದರರಾವ್?

ಇದ್ದೀರಿ. ಉಸುರು ಕೇಳಸ್ತದ. ಪಾಳಿ ನಿಮ್ಮದು ಅಂದೆ. ಆಡ್ರಿ.

...ಆಡೀರೇನು?

ಆಗಳೇ ಆಡೀರೇನು? ತಡೀರಿ. ಹೇಳಬ್ಯಾಡ್ರಿ, ನಾ ನೋಡ್ತೀನಿ. ಕಾಯಿ ಸರಿ ಮಾಡ್ತೀನಿ, ಅಷ್ಟೇ. ಇದು ನನ್ನ ಪ್ಯಾದಿ. ಇದು ನನ್ನ ಒಂಟಿ. ನಡುವ ನಿಮ್ಮ ಕುದುರಿ ಇತ್ತು... ಇಲ್ಲ. ಇಲ್ಲಿ ಇಲ್ಲ. ಓಡಸೀರಿ. ಎಲ್ಲಿ ಓಡಸೀರಿ? ಹೆದರೂ ಕಾರಣಿಲ್ಲ, ನನ್ನ ಕುದುರಿ ಇಟ್ಟಲ್ಲೇ ಅದ. ಇಗೋ ಇಲ್ಲಿ, ರಾಜಾನ ಕಾವಲಕ್ಕ ನಿಂತದ...

ಇದರ ಕಿವಿ ಮುರದಿಲ್ಲ.

ಇದು ನನ್ನ ಕುದುರಿ ಅಲ್ಲ. ಕರೀದು. ಕರೀ ಕುದುರಿ ಹಿಡಕೊಂಡು ನಾ ನಂದು ಅಂದೆ. ನಂದು ಹೊಡದು ಅದರ ಮನಿಯೊಳಗ ನಿಮ್ಮದು ಇಟ್ಟೀರಿ. ನನ್ನ ರಾಜಾಗ ಶಹ ಕೊಟ್ಟೀರಿ. ಕೊಟ್ಟು ಇಷ್ಟೊತ್ತು ಕೂತೀರಿ, ಶಹ ಅನ್ನದ.

ನೀವು ನಿಯಮ ಮುರಿಯೂ ಮನಷ್ಯಾ ಅಲ್ಲ.

ಅನಂತ ಹೇಳಿದನೇನು?... ಹೇಳಿರಲಿಕ್ಕಿಲ್ಲ. ಅವ ಹೇಳೂವನಲ್ಲ. ಮಾವನ ಮುಂದೂ ಕಳ್ಳ ಆಗಿ ಉಳದಾನ. ನೀವು ಇಲ್ಲಿ ಬಂದು, ಬೇಕಂತಲೇ ಹೇಳದ ಆಡಿ ನೋಡಿ ತಿಳಕೊಂಡೀರಿ. ಅವ ಅವತ್ತು ಆ ಕುದುರಿ ಎಲ್ಲಾರ ಎದುರಿಗೆ ಇಟ್ಟಿದ್ದ, ಹೇಳೂದೊಂದು ಮರತಿದ್ದ. ಕಣ್ಣಿದ್ದವರಿಗೆಲ್ಲಾ ಕಂಡಿತ್ತು. ಅದಕ್ಕೇ ಯಾರೂ ವಾಹ್ ಅನ್ನಲಿಲ್ಲ. ಅದಕ್ಕೇ ಅವ ತನ್ನ ರಾಜಾನ್ನ ಮಲಗಿಸಿದ. 'ಕಾಕಾಗ ಕಾಣೂದಿಲ್ಲ' ಅಂತ ಒಂದು ಮಾತು ಅಂದಿದ್ರ ಅವ ಕಳ್ಳ ಆಗತಿರಲಿಲ್ಲ.

ಏನಾರ ಅನ್ರಿ, ದಾಮೋದರರಾವ್. ಪಂಢರಿನಾಥರಿಗೆ ನಾ ಅಂದದ್ದೇ ಅನ್ರಿ. ಚಾಕ್ಕ ಬಾ, ಪಟಕ್ಕ ಕೂಡಬ್ಯಾಡ ಅನ್ರಿ.

ಅನ್ನೂದಿಲ್ಲ ನೀವು.

ಮೆಟ್ಟಿಲ ಸಪ್ಪಳ ಕೇಳ್ತಿಲ್ಲೋ? ಎಡಗಾಲ ಚಪ್ಪಲಿ ಸ್ವಲ್ಪ ಎಳೀತದ. ಅನಂತಂದು. ಬಂದಾನ. ಇಷ್ಟು ಅನ್ನಿಸ್ಕೊಂಡೂ ಬಂದಾನ, ನೋಡ್ರಿ. ಬಾಗಲದಾಗ ನಿಂತಾನೇನು? ಏಳಬ್ಯಾಡ್ರಿ, ನೀವು ಅವಗ ಏನೂ ಹೇಳಬ್ಯಾಡ್ರಿ. ನಾ ಹೇಳ್ತೀನಿ.

ಒಳಗ ಬಾ, ಅನಂತ. ಬಾರಪ್ಪ. ಅಲ್ಲಿ ಅಲ್ಲ, ಇಲ್ಲೇ, ನನ್ನ ಬಾಜೂಕ ಕೂಡು. ನಿಮ್ಮ ಮಾವ ನನಗ ಶಹ ಕೊಟ್ಟಾರ. ರಾಜಾನ್ನ ಸರಸ್ಲೋ, ಕುದುರಿ ಹೊಡೀಲೋ... ನೀ ಸ್ವಲ್ಪ ನೋಡಿ ಹೇಳು.